ಇಳಿದನು, ಇಳಿದಳು
(ಬಾನುಲಿ ಭಾಷಣ)



ಈ ಭಾಷಣವನ್ನು ಬರೆಯಲು ಕುಳಿತಾಗ ನಾನು ಎದುರಿಗೆ ಇಟ್ಟುಕೊಂಡದ್ದು ಒಂದು ಹಳೆಯ ಪುಸ್ತಕವನ್ನು. ಅದರ ರಟ್ಟು ಬಿಟ್ಟುಹೋಗಿದೆ. ಬೆನ್ನಿಗೆ ಗೋಂದು ಸವರಿ ಅಂಟಿಸಿದ ಕಂದು ಕಾಗದವೂ ಸುಲಿಯುತ್ತಿದೆ. ಮೊದಲ ಪುಟದಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ನೇರಳೆ ಬಣ್ಣದ ಮೊಹರು ಅರ್ಧ ಮಾಸಿ ಉಳಿದಿದೆ. ಫ್ರಾನ್ಸ್ ದೇಶದ ಜೂಲ್ಸ್ ವರ್ನ್ ಎಂಬ ಲೇಖಕನು 1864ರಲ್ಲಿ ಪ್ರಕಟಿಸಿದ ಭೂಗರ್ಭಯಾತ್ರೆಯ ಕಾದಂಬರಿಯನ್ನು ಮಕ್ಕಳಿಗೆಂದು ಸಂಗ್ರಹಿಸಿ ಕನ್ನಡದಲ್ಲಿ ಹೇಳಿರುವ ಪುಸ್ತಕವದು. ನಾನು ಆ ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದೆ. ಪುಸ್ತಕದ ಬೀರುವಿನ ಬೀಗದ ಕೈಯೂ ನನ್ನ ವಶದಲ್ಲಿಯೇ ಇರುತ್ತಿತ್ತು. ಕೋಲಾರದ ಚಿನ್ನದ ಗಣಿ ಮುಚ್ಚುವುದಕ್ಕೆ ಎರಡು ವರ್ಷ ಮುಂಚೆ, ಮಾವು ಹೂ ಬಿಡುವ ಕಾಲದ ಒಂದು ಮಧ್ಯಾಹ್ನ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆ ಪುಸ್ತಕವನ್ನು ಹಿಂದಿರುಗಿಸಲು ತಂದಳು. ಪುಟಗಳೇನಾದರೂ ಹರಿದಿವೆಯೇ ಎಂದು ತಿರುವಿ ನೋಡಿದಾಗ ನನಗೆ ಕಂಡದ್ದೇನೆಂದರೆ, ಕಥಾನಾಯಕನಾದ ತರುಣನ ವಿಷಯವನ್ನು ಹೇಳುವ ಹೆಚ್ಚುಕಡಿಮೆ ಪ್ರತಿಯೊಂದು ಕ್ರಿಯಾಪದದ ತುದಿಯಲ್ಲಿಯೂ ‘ನು’ ಎಂಬ ಅಕ್ಷರವನ್ನು ಪೆನ್ಸಿಲಿನಿಂದ ಸಣ್ಣಗೆ ಹೊಡೆದುಹಾಕಿ, ಅದರ ನೆತ್ತಿಯ ಮೇಲೆ ‘ಳು’ ಎಂದು ಬರೆದಿತ್ತು. ಓದಿದನು ಎಂಬುದು ಓದಿದಳು ಎಂದಾಗಿತ್ತು. ಹೆದರಿದನು ಎಂಬುದು ಹೆದರಿದಳು ಎಂದಾಗಿತ್ತು. ಆರಿಹೋದ ಜ್ವಾಲಾಮುಖಿಯ ಬಾಯಿಯಿಂದ ಹಗ್ಗ ಹಿಡಿದು ಇಳಿದನು ಎಂಬಲ್ಲಿ, ಉಳಿದೆಡೆಗಿಂತ ಒತ್ತಿ, ಇಳಿದಳು ಎಂದು ಬರೆದಿತ್ತು. ಆಕ್ಸೆಲ್ ಎಂಬ ಹೆಸರನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಆ ಹೆಸರು ಹುಡುಗನದೋ ಹುಡುಗಿಯದೋ ನಮ್ಮ ಕಡೆಯ ಕಿವಿಗೆ ಹೇಗೂ ತಿಳಿಯುವಂತಿಲ್ಲವಷ್ಟೆ.

“ಇದೇನಮ್ಮಾ ಇದು?” ಎಂದೆ.

“ತಪ್ಪಾಯ್ತು ಸಾರ್, ಅಳಿಸಿಬಿಡ್ತೀನಿ.”

“ಅಳಿಸೋದು ಇರಲಿ. ಯಾತಕ್ಕೆ ಬರೆದೆ, ಅದನ್ನ ಹೇಳು.”

ಸ್ವಲ್ಪ ಹೊತ್ತು ನೆಲ ನೋಡಿದಳು. “ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಇದ್ದೋರು ಸಾರ್. ನಾನೂ ಒಂದ್ಸಲ ಕೆಳಗೆ ಹೋಗಿ ನೋಡ್ಬೇಕು ಅಂದ್ರೆ, ಹೆಣ್ಮಕ್ಕಳು ಇಳಿಯೋಹಾಗಿಲ್ಲ ಕಣಮ್ಮಾ, ಕಾನೂನೇ ಇಲ್ಲ ಅಂದ್ಬಿಟ್ರು. ಅದಕ್ಕೇ ಇದರಲ್ಲಿ ಇಳ್ದೆ.”

ತಾತ ಹೇಳಿದ ಮಾತು ಸತ್ಯವಾಗಿತ್ತು. 1952ರ ಗಣಿ ಅಧಿನಿಯಮದ 46ನೆಯ ಪ್ರಕರಣವು ನೆಲದಡಿಯ ಗಣಿಯ ಯಾವ ಭಾಗದಲ್ಲಿಯೂ ಸ್ತ್ರೀಯನ್ನು ಕೆಲಸಕ್ಕೆ ಇಡಕೂಡದೆಂದು ವಿಧಿಸಿತ್ತು. ಆ ವಿಧಿಯ ಹಿಂದೆ ಕರುಣೆಯೇ ಇರಲಿಲ್ಲವೆಂದು ನಾನು ಹೇಳಲಾರೆ. ಕೋಲಾರದ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಅಲ್ಲಿನ ಬಂಡೆಯ ಉಷ್ಣತೆ ಅರವತ್ತು ಡಿಗ್ರಿಯನ್ನು ಮೀರುವಂಥದು. ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿದು ಆಳುಗಳನ್ನು ಬಲಿ ತೆಗೆದುಕೊಂಡದ್ದನ್ನು ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಬಲ್ಲವು. ಆದರೆ ಗಂಡಸು ಅಲ್ಲಿ ಸತ್ತಾಗ ಗಂಡಸೇ ಇಳಿಯಕೂಡದೆಂದು ಯಾರೂ ಶಾಸನ ಮಾಡಲಿಲ್ಲ, ಗಣಿಯನ್ನು ಭದ್ರಪಡಿಸಬೇಕೆಂದರು. ಹೆಣ್ಣಿನ ವಿಷಯಕ್ಕೆ ಬಂದಾಗ ಮಾತ್ರ, ಗಣಿಯನ್ನು ಭದ್ರಪಡಿಸುವುದಕ್ಕೆ ಬದಲಾಗಿ ಬಾಗಿಲನ್ನು ಭದ್ರಪಡಿಸಿದರು.

ಆ ಪುಸ್ತಕವನ್ನು ನಾನು ಆ ಸಂಜೆ ಮನೆಗೆ ಒಯ್ದು ಮೊದಲಿನಿಂದ ಓದಿದೆ. ಮೊದಲ ಹತ್ತು ಪುಟ ಪೆನ್ಸಿಲು ಎಲ್ಲಿಯೂ ತಡವರಿಸಿರಲಿಲ್ಲ. ಹನ್ನೊಂದನೆಯ ಪುಟದಲ್ಲಿ ಅದು ನಿಂತುಹೋಗಿತ್ತು. ಕಥೆಯನ್ನು ಬಲ್ಲವರಿಗೆ ಆ ಸ್ಥಳ ನೆನಪಿರಬಹುದು. ಲಿಡನ್‌ಬ್ರಾಕ್ ಎಂಬ ಖನಿಜಶಾಸ್ತ್ರದ ಪ್ರಾಧ್ಯಾಪಕನು ತನ್ನ ಅಳಿಯನನ್ನು ಕರೆದುಕೊಂಡು ಐಸ್‌ಲೆಂಡಿಗೆ ಹೊರಡುವ ಮುನ್ನ, ಆ ತರುಣನು ತಾನು ಮದುವೆಯಾಗಬೇಕೆಂದಿರುವ ಗ್ರೌಬನ್ ಎಂಬ ಕನ್ಯೆಯನ್ನು ಬೀಳ್ಕೊಳ್ಳುತ್ತಾನೆ. ಹೋಗಿ ಬಾ, ಮರಳಿ ಬರುವಾಗ ನೀನು ಗಂಡಸಾಗಿ, ನಿನ್ನ ಮಾವನಿಗೆ ಸಮಾನನಾಗಿ ಬರುತ್ತೀಯೆ ಎಂಬ ಅರ್ಥದ ಮಾತನ್ನು ಅವಳು ಹೇಳಿ ಕಳುಹಿಸುತ್ತಾಳೆ. ಇಲ್ಲಿ ನಮ್ಮ ಹುಡುಗಿಗೆ ದಾರಿ ಕಟ್ಟಿತು. ಇಳಿಯುವವಳೇ ಹುಡುಗಿಯಾದರೆ, ಬಾಗಿಲಲ್ಲಿ ನಿಂತು ಬೀಳ್ಕೊಡುವವಳು ಏನಾಗಬೇಕು? ಗಂಡಸಾಗಿ ಬಾ ಎಂಬ ಹರಕೆಯಲ್ಲಿ ಯಾವ ಅಕ್ಷರವನ್ನು ತಿದ್ದಿದರೆ ಅದು ಹೆಣ್ಣಿಗೆ ಹೊಂದೀತು? ಆ ಪುಟವನ್ನು ಹಾಗೆಯೇ ಬಿಟ್ಟು, ಮುಂದೆ ಜ್ವಾಲಾಮುಖಿಯ ಬಾಯಿ ಬಂದಲ್ಲಿ ಅವಳು ಮತ್ತೆ ತಿದ್ದಲು ತೊಡಗಿದ್ದಳು.

ಪುರುಷನೆಂದೇ ಪ್ರಸಿದ್ಧನಾದ ವೈಜ್ಞಾನಿಕ ಕಥೆಯ ನಾಯಕನನ್ನು ಸ್ತ್ರೀಯನ್ನಾಗಿ ಮಾಡಬಹುದೇ, ಮಾಡಿದರೆ ಕಥೆಗೆ ಏನಾಗುತ್ತದೆ ಎಂಬ ಪ್ರಶ್ನೆ ಜಗತ್ತಿನಲ್ಲಿ ದೊಡ್ಡ ಚರ್ಚೆಯಾಗಿ ಎದ್ದದ್ದು ಇದಾದ ಸುಮಾರು ಇಪ್ಪತ್ತು ವರ್ಷಗಳಿಗೆ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು 1963ರ ನವೆಂಬರ್ 23ರಂದು ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ದೂರದರ್ಶನ ಕಥಾಮಾಲೆಯಲ್ಲಿ, ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸಬಲ್ಲ ಅನ್ಯಲೋಕದ ವ್ಯಕ್ತಿಯೊಬ್ಬನು ನಾಯಕ. ದೇಹ ಜೀರ್ಣವಾದಾಗ ಅವನು ಸಾಯುವುದಿಲ್ಲ. ಹಾವು ಪೊರೆ ಬಿಟ್ಟಂತೆ ಆ ಕಾಯವನ್ನು ತ್ಯಜಿಸಿ ಬೇರೊಂದು ಕಾಯದಲ್ಲಿ ಎದ್ದು ನಿಲ್ಲುತ್ತಾನೆ. ನಟರು ಬದಲಾದಾಗಲೆಲ್ಲ ಕಥೆ ಮುಂದುವರಿಯಲೆಂದು ಹೂಡಿದ ಉಪಾಯವದು. ಹೀಗೆ ಹನ್ನೆರಡು ಮಂದಿ ಪುರುಷರ ತರುವಾಯ, 2017ರ ಕ್ರಿಸ್‌ಮಸ್ ದಿನ, ಹದಿಮೂರನೆಯ ಡಾಕ್ಟರಾಗಿ ಎದ್ದು ನಿಂತವಳು ಜೋಡಿ ವಿಟೇಕರ್ ಎಂಬ ನಟಿ. ಕೆಲವರು ಸಂತೋಷಪಟ್ಟರು; ಕೆಲವರು ತಮ್ಮ ಬಾಲ್ಯದ ನಾಯಕನನ್ನು ತಮ್ಮಿಂದ ಕಿತ್ತುಕೊಂಡರೆಂದು ನೊಂದರು. ಆ ಮಾಲೆಯ ಮೊದಲ ನಿರ್ಮಾಪಕಿಯೇ ವೆರಿಟಿ ಲ್ಯಾಂಬರ್ಟ್ ಎಂಬ ತರುಣಿ, ಮೊದಲ ಕಥೆಯನ್ನು ನಿರ್ದೇಶಿಸಿದವನು ನಮ್ಮ ಲಖನೌ ನಗರದಲ್ಲಿ ಹುಟ್ಟಿದ ವಾರಿಸ್ ಹುಸೇನ್ ಎಂಬುದನ್ನು ನೊಂದವರಲ್ಲಿ ಎಷ್ಟು ಮಂದಿ ನೆನೆದರೋ! ತೆರೆಯ ಹಿಂದೆ ಮೊದಲ ದಿನದಿಂದಲೂ ಇದ್ದ ಹೆಣ್ಣು ತೆರೆಯ ಮುಂದೆ ಡಾಕ್ಟರಾಗಿ ಬರುವುದಕ್ಕೆ ಐವತ್ತನಾಲ್ಕು ವರ್ಷ ಹಿಡಿಯಿತು.

ಮಾಲೂರಿನಲ್ಲಿ ನನ್ನ ಹಳೆಯ ಮಿತ್ರರೊಬ್ಬರಿದ್ದಾರೆ. ಸಂಸ್ಕೃತ ಪಂಡಿತರು, ಕೋಪವಿಲ್ಲದೆ ವಾದಿಸಬಲ್ಲವರು. ಅವರ ಮನೆಯ ಜಗುಲಿಯಲ್ಲಿ ಕುಳಿತು ಈ ಸಂಗತಿಯನ್ನು ಹೇಳಿದಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. “ಅಲ್ಲ ಸ್ವಾಮಿ, ಹೆಣ್ಣನ್ನ ನಾಯಕಿಯಾಗಿ ಮಾಡಿ ಹೊಸ ಕಥೆ ಬರೀಲಿ, ಬೇಡ ಅಂದೋರು ಯಾರು? ಇದ್ದೋನ ಜಾಗದಲ್ಲಿ ಅವಳನ್ನ ಯಾಕೆ ಕೂರಿಸ್ಬೇಕು?” ಎಂದರು. ನಾನು ಆಗ ಉತ್ತರ ಹೇಳಲಿಲ್ಲ. ರೈಲಿನಲ್ಲಿ ಹಿಂದಿರುಗುವಾಗ ಹೊಳೆಯಿತು. ಮುಂದಿನ ಭೇಟಿಯಲ್ಲಿ ಹೇಳಿದೆ. ಈಗ ನಿಮ್ಮ ಮುಂದೆ ಹೇಳುತ್ತೇನೆ.

ನಮ್ಮ ಕಡೆ ಮನೆ ಪಾಲಾಗುವುದನ್ನು ನೀವೆಲ್ಲ ನೋಡಿದ್ದೀರಿ. ಅಣ್ಣತಮ್ಮಂದಿರು ಜಮೀನನ್ನೂ ಬಾವಿಯನ್ನೂ ಮಾವಿನ ತೋಪನ್ನೂ ಹಂಚಿಕೊಳ್ಳುತ್ತಾರೆ. ಅಕ್ಕತಂಗಿಯರನ್ನು ಕರೆಸಿ, ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ, ಒಂದು ಸೀರೆ, ಒಂದು ರವಿಕೆ ಕಣ, ಮಡಿಲು ತುಂಬ ಅಕ್ಕಿ ಕೊಟ್ಟು ಕಳುಹಿಸುತ್ತಾರೆ. ತೀರ ಉದಾರಿಗಳಾದರೆ ಅರಿಸಿನ ಕುಂಕುಮಕ್ಕೆಂದು ಅರ್ಧ ಎಕರೆ ಬರೆದುಕೊಡುವುದುಂಟು. ಸೀರೆ ಹೊಸದು, ಪ್ರೀತಿಯಿಂದ ಕೊಟ್ಟದ್ದು, ಚೆಲುವಾಗಿಯೂ ಇದ್ದೀತು. ಆದರೆ ಅದು ದಾನ, ಪಾಲು ಅಲ್ಲ. 1933ರಷ್ಟು ಹಿಂದೆಯೇ ನಮ್ಮ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದು ಶಾಸನ ಮಾಡಿತು. 1994ರಲ್ಲಿ ಕರ್ನಾಟಕವು ಮಗಳೂ ಮಗನಂತೆ ಹುಟ್ಟಿನಿಂದಲೇ ಪಿತ್ರಾರ್ಜಿತಕ್ಕೆ ಹಕ್ಕುಳ್ಳವಳೆಂದಿತು. 2005ರಲ್ಲಿ ಅದು ದೇಶದ ಶಾಸನವಾಯಿತು. ಕಥೆಯ ಲೋಕದಲ್ಲಿಯೂ ಪಿತ್ರಾರ್ಜಿತವೆಂಬುದೊಂದಿದೆ. ಐವತ್ತು ವರ್ಷ, ನೂರು ವರ್ಷ, ಜನದ ಪ್ರೀತಿಯನ್ನು ಕೂಡಿಸಿಕೊಂಡು ಬಂದಿರುವ ನಾಯಕನ ಹೆಸರೇ ಆ ಆಸ್ತಿ. ಹೊಸ ನಾಯಕಿಯನ್ನು ಸೃಷ್ಟಿಸುವುದು ಒಳ್ಳೆಯದೆ, ಆಗಲೇಬೇಕಾದದ್ದೆ. ಆದರೆ ಹಳೆಯ ಹೆಸರನ್ನು ಮಾತ್ರ ಮುಟ್ಟಬೇಡವೆಂದು ಅವಳಿಗೆ ಹೇಳಿದರೆ, ಸೀರೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡಂತೆಯೇ ಆಯಿತು. ನನ್ನ ಮಿತ್ರರು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಮನೇಲೂ ಹಾಗೇ ಆಯ್ತು” ಎಂದರು. ಅವರ ತಂಗಿಯ ವಿಷಯ ಅದು. ಅದರ ಮುಂದೆ ವಾದ ಬೆಳೆಯಲಿಲ್ಲ.

ಪುರುಷನ ಪಾತ್ರವನ್ನು ಹೆಣ್ಣು ಧರಿಸುವುದು ಕನ್ನಡಕ್ಕೆ ಹೊಸದಲ್ಲ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ರಾವಣ, ದುರ್ಯೋಧನ, ಭೀಮರ ಪಾತ್ರಗಳನ್ನು ತಾವೇ ವಹಿಸಿ, ಗದೆಯನ್ನು ಹೆಗಲಿಗೇರಿಸಿ ರಂಗದ ಹಲಗೆ ನಡುಗುವಂತೆ ಹೆಜ್ಜೆಯಿಟ್ಟವರು. ಗಂಡಸರು ಸ್ತ್ರೀಪಾತ್ರ ಹಾಕಿ ಹೆಸರು ಪಡೆದ ನಾಡಿನಲ್ಲಿ ಹೆಂಗಸರೇ ಎಲ್ಲ ಪಾತ್ರಗಳನ್ನೂ ಹಾಕಿದ ಆ ಮಂಡಳಿಯ ಸಾಹಸವನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಆದರೆ ಅಲ್ಲಿ ಮೀಸೆಯ ಹಿಂದೆ ನಾಗರತ್ನಮ್ಮನವರಿದ್ದರೂ, ರಂಗದ ಮೇಲೆ ಬಂದವನು ಭೀಮನೇ. ಭೀಮನು ಬಂದನು ಎಂಬ ವಾಕ್ಯ ಹಾಗೆಯೇ ಉಳಿಯುತ್ತಿತ್ತು. ನಾನು ಹೇಳುತ್ತಿರುವ ಮಾರ್ಪಾಟಿನಲ್ಲಿ ವಾಕ್ಯವೇ ಬದಲಾಗುತ್ತದೆ.

ಆ ವಾಕ್ಯದ ಬಳಿ ನಾವು ಸ್ವಲ್ಪ ನಿಲ್ಲಬೇಕು. ಇಂಗ್ಲಿಷಿನ ಕ್ರಿಯಾಪದಕ್ಕೆ ಲಿಂಗವಿಲ್ಲ. ಡಾಕ್ಟರ್ ಬಂದದ್ದನ್ನೂ ಓಡಿದ್ದನ್ನೂ ಗೆದ್ದದ್ದನ್ನೂ ಅವರು ಹೆಣ್ಣು ಗಂಡೆಂದು ಹೇಳದೆಯೇ ಹೇಳಿಯಾರು, ಸರ್ವನಾಮವೊಂದನ್ನು ತಿದ್ದಿದರೆ ಅವರ ಕೆಲಸ ಮುಗಿದೀತು. ಕನ್ನಡದಲ್ಲಾದರೋ ಕಥೆಯ ನಾಯಕನು ಒಂದೊಂದು ವಾಕ್ಯದ ಕೊನೆಯಲ್ಲಿಯೂ ತಾನು ಗಂಡಸೆಂದು ರುಜು ಹಾಕುತ್ತ ಹೋಗುತ್ತಾನೆ. ಆದಕಾರಣವೇ ಆ ಹುಡುಗಿಯ ಪೆನ್ಸಿಲಿಗೆ ಅಷ್ಟೊಂದು ಕೆಲಸ ಬಿದ್ದದ್ದು. ನಮ್ಮ ಕೋಲಾರ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲುಂಟು. ಇಲ್ಲಿನ ಎಷ್ಟೋ ಮಂದಿಯಂತೆ ಅವಳದೂ ಮನೆಯಲ್ಲಿ ತೆಲುಗು ಆಡುವ ಕುಟುಂಬ. ತೆಲುಗಿನಲ್ಲಿ ಹುಡುಗ ಬಂದರೆ ‘ವಚ್ಚಾಡು’. ಹುಡುಗಿ ಬಂದರೆ ‘ವಚ್ಚಿಂದಿ’, ಕರು ಬಂದರೂ ‘ವಚ್ಚಿಂದಿ’. ಅದು ಆ ಮಧುರವಾದ ಭಾಷೆಯ ಕುಂದಲ್ಲ, ಅದರ ಕ್ರಮ. ಆದರೆ ಅಂಥ ಮನೆಯಿಂದ ಬಂದ ಹುಡುಗಿಗೆ ಕನ್ನಡದ ‘ಳು’ ಎಂಬುದು ಶಾಲೆಯಲ್ಲಿ ಹೊಸದಾಗಿ ದೊರೆತ ಸೊತ್ತಾಗಿತ್ತು. ಗಂಡಿನೊಡನೆಯೂ ಸೇರದೆ, ದನಕರುವಿನೊಡನೆಯೂ ಸೇರದೆ, ತನಗೆಂದೇ ಮೀಸಲಾದ ಒಂದು ಪ್ರತ್ಯಯ! ಅವಳು ಅದನ್ನು ಪುಸ್ತಕದ ತುಂಬ ನೆಟ್ಟಿದ್ದಳು.

ಹಾಗಾದರೆ ಕನ್ನಡದಲ್ಲಿ ಈ ಕಾರ್ಯ ಕಷ್ಟವೇ ಎಂದರೆ, ಕಷ್ಟವೂ ಹೌದು, ಸುಲಭವೂ ಹೌದು. ‘ನಾನು ಇಳಿದೆ’ ಎಂದರೆ ಇಳಿದವರು ಹೆಣ್ಣೋ ಗಂಡೋ ಕನ್ನಡವು ಕೇಳುವುದಿಲ್ಲ. ಹಿಂದಿಯಾದರೆ ಅಲ್ಲಿಯೂ ಕೇಳುತ್ತದೆ. ವರ್ನನ ಮೂಲ ಗ್ರಂಥವು ಆ ತರುಣನೇ ಹೇಳುವ ಕಥೆ; ಸಂಗ್ರಹಕಾರರು ಅದನ್ನು ಪ್ರಥಮಪುರುಷದ ಮಾತಿಗೆ ತಿರುಗಿಸದೆ ಇದ್ದಿದ್ದರೆ ತಿದ್ದುವ ಗೊಡವೆಯೇ ಹುಡುಗಿಗೆ ಬೀಳುತ್ತಿರಲಿಲ್ಲ. ಇನ್ನೊಂದನ್ನೂ ಗಮನಿಸಿ: ನಾವು ಗೌರವದಿಂದ ಮಾತಾಡುವಾಗ ‘ನು’ವೂ ಇಲ್ಲ, ‘ಳು’ವೂ ಇಲ್ಲ. ವಿಜ್ಞಾನಿಗಳು ಬಂದರು, ಡಾಕ್ಟರು ಹೇಳಿದರು, ಮೇಡಂ ಹೋದರು, ಮೇಷ್ಟ್ರು ಹೋದರು. ಗೌರವವು ಪೂರ್ಣವಾದಲ್ಲಿ ಲಿಂಗಭೇದವು ಕನ್ನಡದ ಕ್ರಿಯಾಪದದಿಂದ ತಾನೇ ತಾನಾಗಿ ಮಾಯವಾಗುತ್ತದೆ. ಇಂತಹ ವ್ಯಾಕರಣವನ್ನು ಪಡೆದವರು ನಾವು.

ಆದರೂ ಪ್ರತ್ಯಯವನ್ನು ತಿದ್ದಿದ ಮಾತ್ರಕ್ಕೆ ನಾಯಕಿ ಸಿದ್ಧಳಾಗುವುದಿಲ್ಲ ಎಂಬುದಕ್ಕೆ ಹನ್ನೊಂದನೆಯ ಪುಟವೇ ಸಾಕ್ಷಿ. ಆ ಸಂಗ್ರಹದಲ್ಲಿ ಪ್ರಾಧ್ಯಾಪಕನನ್ನು ಸೋದರಮಾವನೆಂದು ಕರೆದಿದೆ. ಆಕ್ಸೆಲ್ ಹುಡುಗಿಯಾದ ಕ್ಷಣದಲ್ಲಿ, ನಮ್ಮ ಸೀಮೆಯ ಓದುಗರಿಗೆ ಆ ನಂಟಿನ ಅರ್ಥವೇ ಬೇರೆಯಾಗುತ್ತದೆ. ಏಕೆಂದರೆ ಸೋದರಮಾವನು ಇಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ವರಸೆಯವನು. ಅವರಿಬ್ಬರೂ ತಿಂಗಳುಗಟ್ಟಲೆ ನೆಲದಡಿಯಲ್ಲಿ ಅಲೆದರೆ ಊರು ಅದನ್ನು ಖನಿಜಶಾಸ್ತ್ರದ ಯಾತ್ರೆಯೆಂದು ತಿಳಿಯದು. ಆದಕಾರಣ ಕನ್ನಡದಲ್ಲಿ ಅವನು ದೊಡ್ಡಪ್ಪನಾಗಬೇಕು. ದೊಡ್ಡಪ್ಪನಾದರೆ ಅವನು ಹುಡುಗಿಯನ್ನು ಕರೆದೊಯ್ಯಲು ಅವಳ ತಾಯಿಯನ್ನು ಒಪ್ಪಿಸಬೇಕು. ಆ ತಾಯಿಗೆ ಒಂದು ಮಾತು, ಒಂದು ಭಯ, ಒಂದು ಬುತ್ತಿಯ ಗಂಟು ಬೇಕು. ನೋಡಿ, ಒಂದು ಅಕ್ಷರವನ್ನು ತಿದ್ದಿದ್ದಕ್ಕೆ ಒಂದು ಮನೆಯೇ ಕಥೆಯೊಳಗೆ ಬಂದು ಕುಳಿತಿತು! ಇನ್ನು ಗ್ರೌಬನ್: ವರ್ನನು ಅವಳನ್ನು ಮುಗ್ಧೆಯನ್ನಾಗಿ ಚಿತ್ರಿಸಿಲ್ಲ, ಅವಳೂ ಖನಿಜಗಳನ್ನು ಬಲ್ಲವಳು, ಪ್ರಾಧ್ಯಾಪಕನ ಕಲ್ಲುಗಳನ್ನು ವಿಂಗಡಿಸಲು ನೆರವಾಗುವವಳು, ಆ ಶಾಸ್ತ್ರದ ಕ್ಲಿಷ್ಟ ಪ್ರಶ್ನೆಗಳಿಗೂ ಅಂಜದವಳು. ಹಾಗಿದ್ದೂ ಅವಳನ್ನು ಮನೆಯಲ್ಲಿಯೇ ಬಿಟ್ಟನು. ನಾಯಕಿಯನ್ನು ಹೊರಗಿನಿಂದ ತರಬೇಕಾಗಿಯೇ ಇರಲಿಲ್ಲ. ಅವಳು ಬಾಗಿಲಲ್ಲಿ ನಿಂತಿದ್ದಳು.

ಹೊರನಾಡುಗಳಲ್ಲಿ ಈಚೆಗೆ ನಾಯಕನನ್ನು ನಾಯಕಿಯಾಗಿಸುವ ಈ ಮಾರ್ಪಾಟು ಹಲವು ಕಡೆ ನಡೆದಿದೆ. ಐಸಾಕ್ ಆಸಿಮೊವನು 1942ರಲ್ಲಿ ಬರೆಯತೊಡಗಿದ ‘ಫೌಂಡೇಶನ್’ ಕಥೆಗಳ ಸಾಲ್ವರ್ ಹಾರ್ಡಿನ್ 2021ರ ತೆರೆಯ ರೂಪದಲ್ಲಿ ಹೆಣ್ಣಾದಳು. ನಮ್ಮ ದೇಶದಲ್ಲಿಯೋ, 1905ರಲ್ಲಿಯೇ ಬಂಗಾಳದ ಬೇಗಂ ರೊಕೆಯಾ ಎಂಬ ಮಹನೀಯೆ, ಸ್ತ್ರೀಯರೇ ವಿಜ್ಞಾನಿಗಳಾಗಿ ಸೂರ್ಯನ ಶಾಖವನ್ನು ಕೂಡಿಟ್ಟು ಮೋಡದ ನೀರನ್ನು ಹಿಡಿದು ರಾಜ್ಯವಾಳುವ, ಪುರುಷರು ಒಳಮನೆಯಲ್ಲಿರುವ ಒಂದು ನಾಡನ್ನು ಕಲ್ಪಿಸಿ ‘ಸುಲ್ತಾನಾಳ ಕನಸು’ ಎಂಬ ಕಥೆಯನ್ನು ಬರೆದರು; ಅದು ಮದರಾಸಿನ ಸ್ತ್ರೀಯರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮದರಾಸು ಕೋಲಾರದಿಂದ ಒಂದು ಹಗಲಿನ ದಾರಿ. ಆ ಪತ್ರಿಕೆಯ ಒಂದು ಪ್ರತಿ ಅಂದು ನಮ್ಮ ಬೌರಿಂಗ್‌ಪೇಟೆಯಲ್ಲಿ ರೈಲಿನಿಂದ ಇಳಿದಿದ್ದರೆ ಎಂದು ನಾನು ಆಗಾಗ ಆಸೆಪಟ್ಟುಕೊಳ್ಳುವುದುಂಟು.

ನಮ್ಮಲ್ಲಿ ಹೆಣ್ಣಿಗೆ ದೇವತೆಯ ಪೀಠವನ್ನು ಕೊಟ್ಟೆವು. ಕುತೂಹಲಿಯ ಪೀಠವನ್ನು ಕೊಡಲಿಲ್ಲ. ಕೋಲಾರಮ್ಮನ ಗುಡಿಗೆ ಹೋದವರು ತಾಯಿಯನ್ನು ನೇರವಾಗಿ ದಿಟ್ಟಿಸದೆ ಎದುರಿನ ಕನ್ನಡಿಯಲ್ಲಿ ದರ್ಶನ ಮಾಡುತ್ತಾರೆ. ಅಷ್ಟು ಉಗ್ರವಾದ ಶಕ್ತಿಯನ್ನು ಹೆಣ್ಣಿನಲ್ಲಿ ಕಾಣಬಲ್ಲವರಿಗೆ, ಕೈಯಲ್ಲಿ ದೀಪ ಹಿಡಿದು, ಬೆವರೊರೆಸಿಕೊಳ್ಳುತ್ತ, ದಾರಿ ತಪ್ಪಿ ಅತ್ತು, ಮತ್ತೆ ದಾರಿ ಹುಡುಕುವ ಸಾಧಾರಣ ಹುಡುಗಿಯಲ್ಲಿ ನಾಯಕತ್ವವನ್ನು ಕಾಣುವುದು ಏಕೆ ಕಷ್ಟವಾಗಬೇಕು?

ಮುಳಬಾಗಿಲು ತಾಲ್ಲೂಕಿನ ಆವನಿಯ ಬೆಟ್ಟವನ್ನು ಹತ್ತಿದವರಿಗೆ ನನ್ನ ಮುಂದಿನ ಮಾತು ಬೇಗ ತಿಳಿದೀತು. ವಾಲ್ಮೀಕಿಯ ಆಶ್ರಮವಿದ್ದದ್ದು ಅಲ್ಲಿಯೆಂದೂ, ಸೀತೆಯು ಲವಕುಶರನ್ನು ಹೆತ್ತು ಸಾಕಿದ್ದು ಅಲ್ಲಿಯೆಂದೂ ನಮ್ಮ ಜನ ನಂಬುತ್ತಾರೆ. ರಾಮಲಕ್ಷ್ಮಣಭರತಶತ್ರುಘ್ನರ ಹೆಸರಿನ ಲಿಂಗಗಳ ಗುಡಿಗಳು ಕೆಳಗೆ ಊರಿನಲ್ಲಿವೆ. ಬೆಟ್ಟದ ನೆತ್ತಿಯ ಗುಡಿ ಸೀತೆಯದು. ಆ ಬಂಡೆಯ ಮೇಲೆ ಕುಳಿತು ನಾನು ಎಷ್ಟೋ ಸಲ ಯೋಚಿಸಿದ್ದೇನೆ: ನಮ್ಮ ಕಾವ್ಯಪರಂಪರೆಯಲ್ಲಿ ಭೂಮಿ ಬಾಯಿಬಿಟ್ಟಾಗ ಅದರೊಳಕ್ಕೆ ಇಳಿದವರಲ್ಲಿ ಅತ್ಯಂತ ಪ್ರಸಿದ್ಧಳು ಸೀತೆಯೇ ಅಲ್ಲವೇ? ವರ್ನನ ತರುಣನು ಐಸ್‌ಲೆಂಡಿನಲ್ಲಿ ಇಳಿದು ಇಟಲಿಯ ಸ್ಟ್ರಾಂಬೊಲಿ ಜ್ವಾಲಾಮುಖಿಯಿಂದ ಹೊರಬಂದು, ತಾನು ಕಂಡದ್ದನ್ನು ಲೋಕಕ್ಕೆ ಹೇಳಿ, ಮೆಚ್ಚುಗೆ ಪಡೆದು, ಮದುವೆಯಾಗಿ ಸುಖವಾಗಿದ್ದನು. ಸೀತೆ ಇಳಿದಳು, ಮರಳಿ ಬರಲಿಲ್ಲ, ಅಲ್ಲಿ ಏನಿತ್ತೆಂದು ಯಾರಿಗೂ ಹೇಳಲಿಲ್ಲ. ಇಳಿಯುವುದಕ್ಕೆ ಹೆಣ್ಣಿಗೆ ಅಡ್ಡಿಯಿರಲಿಲ್ಲವೆಂದಾಯಿತು. ಮರಳಿ ಬಂದು ಹೇಳುವ ಅಧಿಕಾರವು ಪುರುಷನದಾಗಿತ್ತು. ನಾಯಕನನ್ನು ನಾಯಕಿಯನ್ನಾಗಿ ಮಾಡುವುದೆಂದರೆ ನನ್ನ ಮಟ್ಟಿಗೆ ಇಷ್ಟೆ: ಅವಳು ಹೋಗಲಿ, ನೋಡಲಿ, ಹಿಂದಿರುಗಿ ಬರಲಿ, ಬಂದು ತನ್ನ ಬಾಯಿಂದಲೇ ಹೇಳಲಿ.

ವೈಜ್ಞಾನಿಕ ಕಥೆಗೆ ನಮ್ಮ ಜಿಲ್ಲೆಯಷ್ಟು ಒಪ್ಪುವ ನೆಲ ಕನ್ನಡನಾಡಿನಲ್ಲಿ ಮತ್ತೊಂದಿಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಏಳೂವರೆ ಸಾವಿರ ಅಡಿಯ ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ ದೇಶಗಳ ವಿಜ್ಞಾನಿಗಳು ಆಕಾಶದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಗುರುತನ್ನು ಜಗತ್ತಿನ ಮೊದಲಿಗರ ಸಾಲಿನಲ್ಲಿ ನಿಂತು ಹಿಡಿದರು. ಭೂಮಿಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹಾದರೂ ಯಾವುದನ್ನೂ ತಾಕದೆ ಸಾಗುವ ಕಣ ಅದು. ನೆಲದ ಮೇಲೆ ಬೇರೆ ವಿಶ್ವಕಿರಣಗಳ ಮಳೆ ಎಡೆಬಿಡದೆ ಸುರಿಯುತ್ತಿರುವುದರಿಂದ ಅದರ ಸುಳಿವು ಸಿಕ್ಕುವುದಿಲ್ಲ. ಎರಡು ಕಿಲೋಮೀಟರಿಗೂ ಮಿಕ್ಕ ಬಂಡೆಯನ್ನು ಜರಡಿಯಂತೆ ಹಿಡಿದರೆ ಉಳಿದವು ಮೇಲೆಯೇ ನಿಂತು, ಇದೊಂದು ಕೆಳಗಿಳಿಯುತ್ತದೆ. ಆಕಾಶವನ್ನು ಅರಿಯುವುದಕ್ಕಾಗಿ ಪಾತಾಳಕ್ಕೆ ಇಳಿದರು! ಕಾದಂಬರಿಕಾರನು ಇದನ್ನು ಕಲ್ಪಿಸಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು. ಇದು ನಮ್ಮ ಊರಿನ ಪಕ್ಕದಲ್ಲಿ ನಡೆದ ಸಂಗತಿ.

ಆ ಗಣಿಯ ಪ್ರಯೋಗಗಳ ಚರಿತ್ರೆಯೊಡನೆ ಒಬ್ಬ ಸ್ತ್ರೀಯ ಹೆಸರು ಕೂಡಿಕೊಂಡಿದೆ. ವಿಭಾ ಚೌಧುರಿ 1913ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. 1936ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಪಡೆದ ಒಬ್ಬಳೇ ವಿದ್ಯಾರ್ಥಿನಿ. ದೇವೇಂದ್ರಮೋಹನ ಬೋಸರೊಡನೆ ಹಿಮಾಲಯದ ಎತ್ತರಗಳಲ್ಲಿ ಛಾಯಾಚಿತ್ರದ ಫಲಕಗಳನ್ನಿಟ್ಟು, ವಿಶ್ವಕಿರಣಗಳು ಅವುಗಳ ಮೇಲೆ ಬರೆದ ಗೆರೆಗಳನ್ನು ಓದಿ, ಹೊಸ ಕಣಗಳ ತೂಕವನ್ನು ಅಂದಾಜು ಮಾಡಿ 1941, 42ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಯುದ್ಧಕಾಲದ ಅಭಾವದಲ್ಲಿ ಒಳ್ಳೆಯ ಫಲಕಗಳು ದೊರೆಯಲಿಲ್ಲ. ಕೆಲಸ ಅಲ್ಲಿಗೆ ನಿಂತಿತು. ಅದೇ ಬಗೆಯ ವಿಧಾನವನ್ನು ಉತ್ತಮ ಫಲಕಗಳೊಡನೆ ಮುಂದುವರಿಸಿದ ಇಂಗ್ಲೆಂಡಿನ ಸೆಸಿಲ್ ಪೊವೆಲ್ಲರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ವಿಭಾ ಅವರು ಮ್ಯಾಂಚೆಸ್ಟರಿನಲ್ಲಿ ಪಿ.ಎಚ್‌ಡಿ. ಮಾಡಿ ಬಂದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಅದರ ಮೊದಲ ಸಂಶೋಧಕಿಯಾಗಿ ಸೇರಿ, ಮುಂದೆ ಅಹಮದಾಬಾದಿನಲ್ಲಿದ್ದಾಗ ನಮ್ಮ ಕೋಲಾರದ ಗಣಿಯ ಪ್ರಯೋಗಗಳಲ್ಲಿಯೂ ಪಾಲುಗೊಂಡರು. 1991ರಲ್ಲಿ ಸದ್ದಿಲ್ಲದೆ ತೀರಿಕೊಂಡರು. ನಾನು ಮೂವತ್ತು ವರ್ಷ ಈ ಜಿಲ್ಲೆಯಲ್ಲಿ ವಿಜ್ಞಾನ ಕಲಿಸಿದವನು. ಆ ಹೆಸರನ್ನು ನನ್ನ ವಿದ್ಯಾರ್ಥಿಗಳಿಗೆ ಒಂದು ದಿನವೂ ಹೇಳಲಿಲ್ಲ, ಏಕೆಂದರೆ ನನಗೇ ತಿಳಿದಿರಲಿಲ್ಲ. ಪೆನ್ಸಿಲು ಹಿಡಿದು ನನ್ನೆದುರಿಗೆ ನಿಂತಿದ್ದ ಆ ಹುಡುಗಿಗೆ ಅಂದು ಅದನ್ನು ಹೇಳಬಲ್ಲವನಾಗಿದ್ದರೆ ಎಂಬ ಕೊರಗು ನನ್ನನ್ನು ಈಗಲೂ ಬಿಟ್ಟಿಲ್ಲ.

ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು. ಹೆಣ್ಣು ನೆಲದಡಿಯ ಗಣಿಯಲ್ಲಿ ಕೆಲಸ ಮಾಡಬಹುದೆಂದು ಸರ್ಕಾರವು 2019ರಲ್ಲಿ ಸಮ್ಮತಿಯಿತ್ತಿತು. ಕೆಲವು ಷರತ್ತುಗಳಿದ್ದರೂ ಸಮ್ಮತಿ ಸಮ್ಮತಿಯೇ. ಎರಡು ವರ್ಷಗಳ ತರುವಾಯ ಝಾರ್ಖಂಡದ ಚೂರಿ ಎಂಬ ಕಲ್ಲಿದ್ದಲ ಗಣಿಗೆ ತರುಣಿಯೊಬ್ಬಳು ಇಂಜಿನಿಯರಾಗಿ ಇಳಿದಳು. ನಮ್ಮ ಚಾಂಪಿಯನ್ ರೀಫಿಗೆ ಇಳಿಯಲು ಕಾನೂನು ಒಪ್ಪಿದಾಗ ಇಳಿಯುವ ದಾರಿಯೇ ಉಳಿದಿರಲಿಲ್ಲ. ಅಲ್ಲಿಗೆ ಇನ್ನು ಕಥೆಯಲ್ಲಿಯೇ ಇಳಿಯಬೇಕು.

ಆದುದರಿಂದ ನನ್ನ ಬಿನ್ನಹ ಉಪಾಧ್ಯಾಯ ಬಂಧುಗಳಲ್ಲಿ. ಡಿ.ವಿ.ಜಿ. ಹುಟ್ಟಿದ ಮುಳಬಾಗಿಲಿನವರಲ್ಲಿ, ಮಾಸ್ತಿಯವರನ್ನು ಕೊಟ್ಟ ಮಾಲೂರಿನವರಲ್ಲಿ, ಕೋಲಾರದವರಲ್ಲಿ, ನನ್ನ ಶ್ರೀನಿವಾಸಪುರದವರಲ್ಲಿ. ಈ ವರ್ಷ ನಿಮ್ಮ ತರಗತಿಯ ಮಕ್ಕಳಿಗೆ ಭೂಗರ್ಭಯಾತ್ರೆಯ ಕಥೆಯನ್ನು ಓದಿ ಹೇಳಿರಿ. ಪ್ರಾಧ್ಯಾಪಕನ ಜಾಗದಲ್ಲಿ ಒಬ್ಬ ಪ್ರಾಧ್ಯಾಪಕಿಯನ್ನಿಟ್ಟು, ಐಸ್‌ಲೆಂಡಿಗೆ ಬದಲಾಗಿ ಚಾಂಪಿಯನ್ ರೀಫಿನ ಬಾವಿಯಿಂದ ಅವಳನ್ನು ಇಳಿಸಿ, ಆ ಕಥೆಯನ್ನು ಹೊಸದಾಗಿ ಬರೆಯಿರೆಂದು ಹೇಳಿರಿ. ಹುಡುಗಿಯರೂ ಬರೆಯಲಿ, ಹುಡುಗರೂ ಬರೆಯಲಿ. ಬೀಳ್ಕೊಡುವಾಗ ಏನು ಹೇಳಿ ಕಳುಹಿಸಬೇಕೆಂಬುದನ್ನು ಅವರೇ ಯೋಚಿಸಲಿ. ಹನ್ನೊಂದನೆಯ ಪುಟ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ತಿದ್ದದೆಯೇ ಉಳಿದಿದೆ. ಯಾರಾದರೂ ತಮ್ಮ ನಾಯಕಿಗೆ ಹೆಸರು ಸಿಕ್ಕದೆ ಕೇಳಿದರೆ ವಿಭಾ ಎಂಬ ಹೆಸರನ್ನು ಕೊಡಿರಿ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳಶಾಸ್ತ್ರ ಒಕ್ಕೂಟವು ಷಷ್ಠಾಂಶವೆಂಬ ನಕ್ಷತ್ರಪುಂಜದ ಒಂದು ತಾರೆಗೆ ವಿಭಾ ಎಂದು ಹೆಸರಿಟ್ಟಿದೆ; ಅದು ಮುನ್ನೂರು ಜ್ಯೋತಿರ್ವರ್ಷಗಳಿಗೂ ಆಚೆ ಇದೆ, ಬರಿಗಣ್ಣಿಗೆ ಕಾಣುವುದಿಲ್ಲ, ದೂರದರ್ಶಕ ಬೇಕು.